ಚಂದ್ರನ ಮೇಲೆ ಒಂದು ಕಿಲೋ ಬೆಲ್ಲ: ದ್ರವ್ಯರಾಶಿಯನ್ನೂ ತೂಕವನ್ನೂ ಮನೆಯಲ್ಲೇ ಬೇರೆಬೇರೆಯಾಗಿ ಅಳೆಯುವ ಬಗೆ

ಒಂದು ಕಿಲೋ ಬೆಲ್ಲದ ಉಂಡೆಯನ್ನು ಚಂದ್ರನ ಮೇಲೆ ತೂಗಿದರೆ ಎಷ್ಟು ಬರುತ್ತದೆ? ಯಾವ ತಕ್ಕಡಿಯಲ್ಲಿ ತೂಗುತ್ತೀರಿ ಎಂದು ಕೇಳದೆ ಇದಕ್ಕೆ ಉತ್ತರ ಹೇಳಲಾಗದು. ಎರಡು ತಟ್ಟೆಯ ತಕ್ಕಡಿಯಾದರೆ ಅಲ್ಲೂ ಸರಿಯಾಗಿ ಒಂದು ಕಿಲೋ. ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿಯಾದರೆ 165 ಗ್ರಾಂ. ಬೆಲ್ಲ ಕರಗಿಲ್ಲ, ತಕ್ಕಡಿ ಕೆಟ್ಟಿಲ್ಲ. ಒಂದು ತಕ್ಕಡಿ ದ್ರವ್ಯರಾಶಿಯನ್ನು ಅಳೆಯಿತು, ಇನ್ನೊಂದು ತೂಕವನ್ನು.

ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ ದ್ರವ್ಯರಾಶಿ, ಅದರ ಮೇಲಿನ ಗುರುತ್ವದ ಸೆಳೆತ ತೂಕ ಎಂದು ಬಾಯಿಪಾಠ ಮಾಡಿದ ಮಕ್ಕಳೇ ಪರೀಕ್ಷೆಯಲ್ಲಿ ‘ಚಂದ್ರನ ಮೇಲೆ ನನ್ನ ದ್ರವ್ಯರಾಶಿ 10 ಕೆ.ಜಿ.’ ಎಂದು ಬರೆದುಬಿಡುತ್ತಾರೆ. ವ್ಯಾಖ್ಯೆ ತಲೆಯಲ್ಲಿದೆ, ಕೈಗೆ ಇಳಿದಿಲ್ಲ. ಕೈಗೆ ಇಳಿಸಲು ಜೋಕಾಲಿಯೊಂದು ಸಾಕು. ಜೋಕಾಲಿಯ ಮೇಲೆ ಮೊದಲು ಮಗುವನ್ನು, ಆಮೇಲೆ ದೊಡ್ಡವರನ್ನು ಕೂರಿಸಿ ನೂಕಿ ನೋಡಿ. ಇಬ್ಬರ ಭಾರವನ್ನೂ ಹಗ್ಗವೇ ಹೊತ್ತಿದೆ, ನೀವು ಯಾರನ್ನೂ ಎತ್ತುತ್ತಿಲ್ಲ. ಆದರೂ ದೊಡ್ಡವರನ್ನು ಕದಲಿಸಲು ಹೆಚ್ಚು ಬಲ ಬೇಕು. ತೂಗಿ ಬರುವವರನ್ನು ತಡೆದು ನಿಲ್ಲಿಸಲು ಇನ್ನೂ ಚೆನ್ನಾಗಿ ಕಾಲೂರಬೇಕು. ಹಗ್ಗವನ್ನು ಕೆಳಕ್ಕೆ ಜಗ್ಗುತ್ತಿರುವುದು ತೂಕ. ನಿಮ್ಮ ಕೈಗೆ ಎದುರು ನಿಂತದ್ದು ದ್ರವ್ಯರಾಶಿ. ಆ ಜೋಕಾಲಿಯನ್ನು ಚಂದ್ರನ ಮೇಲೆ ಕಟ್ಟಿದರೆ ಹಗ್ಗಕ್ಕೆ ಬೀಳುವ ಜಗ್ಗು ಆರನೇ ಒಂದು ಪಾಲಿಗೆ ಇಳಿಯುತ್ತದೆ. ನಿಂತ ಜೋಕಾಲಿಗೆ ಅಷ್ಟೇ ವೇಗ ಕೊಡಲು ಬೇಕಾದ ನೂಕು ಮಾತ್ರ ಎಳ್ಳಷ್ಟೂ ಇಳಿಯುವುದಿಲ್ಲ.

ಮೊದಲು ನಿಮ್ಮ ತಕ್ಕಡಿ ಯಾವ ಜಾತಿಯದು ನೋಡಿ

ತೂಗುವ ಸಾಧನಗಳು ನೂರಾರಿದ್ದರೂ ಕೆಲಸ ಮಾಡುವ ಬಗೆ ಮೂರೇ: ಹೋಲಿಸುವುದು, ಜಗ್ಗಿಸಿಕೊಳ್ಳುವುದು, ಅಲುಗಿಸುವುದು.

ಸಂತೆಯ ಎರಡು ತಟ್ಟೆಯ ತಕ್ಕಡಿ ಹೋಲಿಸುವ ಜಾತಿ. ಒಂದು ತಟ್ಟೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ತೂಕದ ಕಲ್ಲು. ಗುರುತ್ವ ಕಡಿಮೆಯಾದರೆ ಎರಡೂ ತಟ್ಟೆಗೆ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ, ಮುಳ್ಳು ನಡುವೆಯೇ ನಿಲ್ಲುತ್ತದೆ. ಚಂದ್ರನ ಮೇಲೆ ಅದು ತುಸು ನಿಧಾನವಾಗಿ ತೂಗಾಡೀತು, ಉತ್ತರ ಬದಲಾಗದು. ನಾವು ‘ತೂಕದ ತಕ್ಕಡಿ’ ಎಂದು ಕರೆಯುವ ಇದು ಅಳೆಯುವುದು ದ್ರವ್ಯರಾಶಿಯನ್ನು. ಗೊಂದಲದ ಅರ್ಧ ಬೇರು ಈ ಹೆಸರಿನಲ್ಲೇ ಇದೆ.

ಸ್ಪ್ರಿಂಗ್ ತಕ್ಕಡಿ, ಬಾತ್‌ರೂಮಿನ ತೂಕದ ಯಂತ್ರ, ಅಡುಗೆಮನೆಯ ಡಿಜಿಟಲ್ ಸ್ಕೇಲು, ಸೂಟ್‌ಕೇಸ್ ತೂಗುವ ಕೊಕ್ಕೆ ಯಂತ್ರ ಎಲ್ಲವೂ ಎರಡನೆಯ ಜಾತಿ. ಡಿಜಿಟಲ್ ಯಂತ್ರದೊಳಗೆ ಲೋಡ್ ಸೆಲ್ ಎಂಬ ಲೋಹದ ತುಂಡಿರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅಂಟಿಸಿದ ಸೂಕ್ಷ್ಮ ತಂತಿಗಳ ವಿದ್ಯುತ್ ರೋಧ ಬದಲಾಗುತ್ತದೆ. ಯಂತ್ರಕ್ಕೆ ನಿಜವಾಗಿ ಗೊತ್ತಾಗುವುದು ಬಲ, ಅದರ ಏಕಮಾನ ನ್ಯೂಟನ್. ಆ ಬಲವನ್ನು ಭೂಮಿಯ ಗುರುತ್ವದ ಬೆಲೆಯಿಂದ ಭಾಗಿಸಿ ‘ಗ್ರಾಂ’ ಎಂದು ತೋರಿಸುವಂತೆ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಚಂದ್ರನ ಮೇಲೂ ಅದು ಪಾಪ ಭೂಮಿಯ ಬೆಲೆಯಿಂದಲೇ ಭಾಗಿಸುತ್ತದೆ. 165 ಗ್ರಾಂ ಬಂದದ್ದು ಹೀಗೆ.

ಮೂರನೆಯದು ಅಲುಗಿಸಿ ಅಳೆಯುವ ಜಾತಿ. ಅದಕ್ಕೆ ಗುರುತ್ವವೇ ಬೇಡ. ಅದನ್ನು ಒಂದು ಗರಗಸದ ಬ್ಲೇಡಿನಿಂದ ನೀವೇ ಮಾಡಬಹುದು, ಕೆಳಗೆ ಹೇಳಿದೆ.

ಲೆಕ್ಕ ಹಾಕುವ ಕ್ರಮ

ಸೂತ್ರ ಒಂದೇ: ತೂಕ = ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ. ದ್ರವ್ಯರಾಶಿ ಕಿಲೋಗ್ರಾಂನಲ್ಲಿ, ತೂಕ ನ್ಯೂಟನ್‌ನಲ್ಲಿ. ಗುರುತ್ವ ವೇಗೋತ್ಕರ್ಷ (ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದು; ಮುಂದೆ ಬರಿ ‘ಗುರುತ್ವ’ ಎಂದಿದೆ) ಭೂಮಿಯ ಮೇಲೆ 9.8 ಮೀ/ಸೆ², ಚಂದ್ರನ ಮೇಲೆ 1.62 ಮೀ/ಸೆ².

60 ಕೆ.ಜಿ.ಯ ಒಬ್ಬರನ್ನು ತೆಗೆದುಕೊಳ್ಳಿ. ಭೂಮಿಯ ಮೇಲೆ ತೂಕ 60 × 9.8 = 588 ನ್ಯೂಟನ್. ಚಂದ್ರನ ಮೇಲೆ 60 × 1.62 = 97.2 ನ್ಯೂಟನ್. ಇಲ್ಲಿಂದ ಕೊಂಡೊಯ್ದ ಬಾತ್‌ರೂಮ್ ಸ್ಕೇಲು ಅಲ್ಲಿ ಏನು ತೋರಿಸುತ್ತದೆ ಎಂಬುದು ಬೇಕಿದ್ದರೆ ಮತ್ತೆ 9.8ರಿಂದ ಭಾಗಿಸಿ: 97.2 ÷ 9.8 = 9.9. ಈ 9.9 ಎಂಬುದು ಭೂಮಿಗಾಗಿ ಹೊಂದಿಸಿದ ಯಂತ್ರವೊಂದರ ಓದು ಅಷ್ಟೆ. ಅದು ಆ ವ್ಯಕ್ತಿಯ ದ್ರವ್ಯರಾಶಿಯೂ ಅಲ್ಲ, ಸರಿಯಾದ ಏಕಮಾನದಲ್ಲಿ ಹೇಳಿದ ತೂಕವೂ ಅಲ್ಲ. ಮಕ್ಕಳಿಗೆ ಕಲಿಸುವವರು ಈ ಮೂರು ಸಂಖ್ಯೆಗಳನ್ನೂ ಮೂರು ಬೇರೆ ಸಾಲಿನಲ್ಲಿ, ಏಕಮಾನ ಸಮೇತ ಬರೆಸಬೇಕು: 60 ಕೆ.ಜಿ., 97.2 ನ್ಯೂಟನ್, ಸ್ಕೇಲಿನ ಓದು 9.9. ಏಕಮಾನ ಬಿಟ್ಟು ಬರೆಸಿದರೆ ವಿದ್ಯಾರ್ಥಿ ಎಲ್ಲಿ ಎಡವಿದ ಎಂಬುದು ನಿಮಗೂ ತಿಳಿಯುವುದಿಲ್ಲ.

ಉದಾಹರಣೆಗೆ ವಸ್ತು ಆರಿಸುವಾಗಲೂ ಎಚ್ಚರ ಬೇಕು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಉಡಾವಣೆಯ ಹೊತ್ತಿಗೆ ರೋವರ್ ಸೇರಿ 1752 ಕೆ.ಜಿ. ಇತ್ತು. ಇದನ್ನೇ ಹಿಡಿದು ‘ಚಂದ್ರನ ಮೇಲೆ ವಿಕ್ರಮ್‌ನ ತೂಕ 1752 × 1.62’ ಎಂದು ಹಾಕುವ ಲೆಕ್ಕ ತಪ್ಪು. ಇಳಿಯುವ ಹಾದಿಯಲ್ಲಿ ಅದು ಇಂಧನವನ್ನು ಉರಿಸಿ ಹೊರಗೆ ಚೆಲ್ಲುತ್ತಲೇ ಬಂತು. 2023ರ ಆಗಸ್ಟ್ 23ರಂದು ನೆಲ ಮುಟ್ಟುವಾಗ ಅದರ ದ್ರವ್ಯರಾಶಿಯೇ ಬಹಳ ಇಳಿದಿತ್ತು. ದ್ರವ್ಯರಾಶಿ ಊರು ಬದಲಾದರೆ ಬದಲಾಗುವುದಿಲ್ಲ, ದ್ರವ್ಯ ಹೊರಹೋದರೆ ಬದಲಾಗಿಯೇ ತೀರುತ್ತದೆ. ಪ್ರಜ್ಞಾನ್ ರೋವರ್ ಒಳ್ಳೆಯ ಉದಾಹರಣೆ, ಏಕೆಂದರೆ ಅದು ಬಿಸಿಲಿನ ವಿದ್ಯುತ್ತಿನಿಂದ ಓಡಿದ್ದು. ಇಲ್ಲೂ 26 ಕೆ.ಜಿ., ಅಲ್ಲೂ 26 ಕೆ.ಜಿ. ತೂಕ ಇಲ್ಲಿ ಸುಮಾರು 255 ನ್ಯೂಟನ್, ಅಲ್ಲಿ 42.

ನಿಮ್ಮ ಊರಿನ ಗುರುತ್ವವನ್ನು ಅಳೆಯಿರಿ

9.8 ಎಂಬುದನ್ನು ನಂಬಿ ಕೂರಬೇಕಿಲ್ಲ, ಅರ್ಧ ಗಂಟೆಯಲ್ಲಿ ನೀವೇ ಅಳೆಯಬಹುದು. ಹಿಗ್ಗದ ದಾರ (ನೈಲಾನ್ ಬೇಡ, ಹೂ ಕಟ್ಟುವ ಬಾಳೆನಾರೂ ಬೇಡ, ಗಟ್ಟಿ ಹತ್ತಿ ದಾರ ಸಾಕು), ಒಂದು ದೊಡ್ಡ ಕಬ್ಬಿಣದ ನಟ್, ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್. ದಾರ ನೇತಾಡುವ ಬಿಂದುವಿನಿಂದ ನಟ್ಟಿನ ನಡುಮಧ್ಯಕ್ಕೆ ಸರಿಯಾಗಿ 1 ಮೀಟರ್ ಇರಲಿ. ದಾರವನ್ನು ಮೊಳೆಗೆ ಸುತ್ತಿ ಬಿಟ್ಟರೆ ತೂಗುವಾಗ ಬಿಂದು ಜರುಗುತ್ತದೆ. ಅದರ ಬದಲು ಎರಡು ಮರದ ಪಟ್ಟಿಗಳ ನಡುವೆ ದಾರವನ್ನು ಬಿಗಿಯಾಗಿ ಕಚ್ಚಿಸಿ.

ನಟ್ಟನ್ನು ಒಂದು ಗೇಣಿಗಿಂತ ಕಡಿಮೆ ದೂರಕ್ಕೆ, ಹತ್ತು ಹದಿನೈದು ಸೆಂಟಿಮೀಟರ್ ಸಾಕು, ಎಳೆದು ಬಿಡಿ. ಎರಡು ಮೂರು ತೂಗಾಟ ಹೋಗಲಿ. ಆಮೇಲೆ ನಡುಗೆರೆ ದಾಟುವಾಗ ‘ಸೊನ್ನೆ’ ಎಂದು ಗಡಿಯಾರ ಒತ್ತಿ, ಅದೇ ದಿಕ್ಕಿನಲ್ಲಿ ಮತ್ತೆ ದಾಟಿದಾಗ ‘ಒಂದು’. ಹೀಗೆ ಇಪ್ಪತ್ತು ಎಣಿಸಿ. ‘ಒಂದು’ ಎಂದೇ ಎಣಿಕೆ ಶುರು ಮಾಡುವುದು ಎಲ್ಲರೂ ಮಾಡುವ ತಪ್ಪು. ಒಂದು ತೂಗಾಟ ಕಡಿಮೆಯಾಗಿ ಗುರುತ್ವ 10.8ರ ಆಸುಪಾಸು ಬರುತ್ತದೆ. ಅಂಥ ಉತ್ತರ ಬಂದರೆ ಎಣಿಕೆಯನ್ನೇ ಮೊದಲು ಅನುಮಾನಿಸಿ.

ಸರಿಯಾಗಿ ಮಾಡಿದರೆ ಇಪ್ಪತ್ತು ತೂಗಾಟಕ್ಕೆ 40.2 ಸೆಕೆಂಡಿನ ಹತ್ತಿರ ಬರುತ್ತದೆ. ಒಂದಕ್ಕೆ 2.01 ಸೆಕೆಂಡು. ಗುರುತ್ವ = 39.48 × ಉದ್ದ ÷ (ಅವಧಿಯ ವರ್ಗ), ಅಂದರೆ 39.48 ÷ 4.04 = 9.77. ಉದ್ದದಲ್ಲಿ 1 ಸೆಂ.ಮೀ. ತಪ್ಪಿದರೆ ಉತ್ತರ ನೂರಕ್ಕೆ ಒಂದು ಪಾಲು ಆಚೀಚೆಯಾಗುತ್ತದೆ. ಒಟ್ಟು ಸಮಯದಲ್ಲಿ 0.2 ಸೆಕೆಂಡು ತಪ್ಪಿದರೂ ಅಷ್ಟೇ. 9.7ರಿಂದ 9.9ರೊಳಗೆ ಬಂದರೆ ಕೆಲಸ ಚೆನ್ನಾಗಿ ಆಯಿತೆಂದೇ ಲೆಕ್ಕ.

ನಟ್ಟಿನ ಜೊತೆ ಇನ್ನೊಂದು ನಟ್ ಸೇರಿಸಿ ಮತ್ತೆ ಮಾಡಿ. ನಡುಮಧ್ಯದ ಉದ್ದ ಬದಲಾಗದಂತೆ ನೋಡಿಕೊಂಡರೆ ಸಮಯವೂ ಬದಲಾಗುವುದಿಲ್ಲ. ಭಾರ ಎರಡರಷ್ಟಾದಾಗ ಎಳೆಯುವ ಬಲವೂ ಎರಡರಷ್ಟು, ಕದಲಿಸಬೇಕಾದ ದ್ರವ್ಯರಾಶಿಯೂ ಎರಡರಷ್ಟು. 1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ 1.32 ಕೆ.ಜಿ.ಯ ಸುತ್ತಿಗೆ ಮತ್ತು 30 ಗ್ರಾಂ ಗರಿಯನ್ನು ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೆ ನೆಲ ಮುಟ್ಟಿದ್ದು ಇದೇ ಕಾರಣಕ್ಕೆ. ಸುತ್ತಿಗೆಯ ಮೇಲಿನ ಸೆಳೆತ 44 ಪಟ್ಟು, ಕದಲಲು ಒಲ್ಲದ ಮೈಗಳ್ಳತನವೂ, ಅಂದರೆ ಜಡತ್ವವೂ, 44 ಪಟ್ಟು. ಅಡ್ಡಿ ಮಾಡಲು ಅಲ್ಲಿ ಗಾಳಿ ಇರಲಿಲ್ಲ.

ನಿಮ್ಮ ಒಂದು ಮೀಟರಿನ ಲೋಲಕ ಚಂದ್ರನ ಮೇಲೆ ಒಂದು ತೂಗಾಟಕ್ಕೆ 4.9 ಸೆಕೆಂಡು ತೆಗೆದುಕೊಳ್ಳುತ್ತದೆ. ಈ ಸಂಖ್ಯೆಯನ್ನು ನೆನಪಿಡಿ, ಬ್ಲೇಡಿನ ಪ್ರಯೋಗದಲ್ಲಿ ಬೇಕಾಗುತ್ತದೆ.

ಉಪ್ಪುನೀರಿನ ಬಾಟಲಿ: ಬಕೆಟ್ಟಿನಲ್ಲಿ ಚಂದ್ರನ ತೂಕ

ಚಂದ್ರನ ಮೇಲಿನ ತೂಕವನ್ನು ಕೈಯಲ್ಲಿ ಹಿಡಿದು ನೋಡಲು ಅಡುಗೆ ಉಪ್ಪು ಸಾಕು. ತುಂಬು ಉಪ್ಪುನೀರಿನ (ಇನ್ನಷ್ಟು ಉಪ್ಪು ಕರಗದಷ್ಟು ಗಟ್ಟಿಯಾದದ್ದು) ಸಾಂದ್ರತೆ ಸಿಹಿನೀರಿನ ಸುಮಾರು 1.2 ಪಟ್ಟು. ಅಂಥ ಉಪ್ಪುನೀರನ್ನು ಸಿಹಿನೀರಿನಲ್ಲಿ ಮುಳುಗಿಸಿದರೆ 1.2ರಲ್ಲಿ 1 ಪಾಲನ್ನು ನೀರೇ ಎತ್ತಿ ಹಿಡಿಯುತ್ತದೆ, 0.2 ಉಳಿಯುತ್ತದೆ. 0.2 ಎಂದರೆ 1.2ರ ಆರನೇ ಒಂದು ಪಾಲು. ಚಂದ್ರನ ಲೆಕ್ಕಕ್ಕೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಅಗ್ಗದ ವಸ್ತು ಮನೆಯಲ್ಲಿ ಸಿಗುವುದಿಲ್ಲ.

1 ಲೀಟರ್ ಬೆಚ್ಚಗಿನ ನೀರಿಗೆ 350 ಗ್ರಾಂ ಪುಡಿ ಉಪ್ಪು ಹಾಕಿ, ಕದಡುತ್ತಾ ಕರಗಿಸಿ. ಪೂರ್ತಿ ಕರಗಲು ಹತ್ತು ನಿಮಿಷ ಹಿಡಿದೀತು. ಕೊನೆಯ ಚಿಟಿಕೆ ತಳದಲ್ಲಿ ಉಳಿದರೆ ಚಿಂತೆಯಿಲ್ಲ. ತಣಿದ ಮೇಲೆ ಖಾಲಿ ಒಂದು ಲೀಟರಿನ ನೀರಿನ ಬಾಟಲಿಗೆ ಕಂಠಪೂರ್ತಿ ತುಂಬಿ. ಬಾಟಲಿಯನ್ನು ತಟ್ಟಿ ಗುಳ್ಳೆಗಳನ್ನು ಮೇಲೆ ತಂದು, ಇನ್ನೂ ಸ್ವಲ್ಪ ಸುರಿದು, ತುಳುಕುವಂತೆಯೇ ಮುಚ್ಚಳ ತಿರುಗಿಸಿ. ಈ ಹಂತದಲ್ಲಿ ಅವಸರ ಮಾಡಿದವರಿಗೆಲ್ಲ ಉತ್ತರ ಕೆಡುತ್ತದೆ. ಹತ್ತು ಮಿಲಿಲೀಟರಿನಷ್ಟು ಗಾಳಿ ಒಳಗೆ ಉಳಿದರೂ ನೀರಿನೊಳಗಿನ ಓದು ಹತ್ತು ಗ್ರಾಂಗಿಂತ ಹೆಚ್ಚು ಇಳಿಯುತ್ತದೆ, ಮತ್ತು ಇಲ್ಲಿ ನಮಗೆ ಸಿಗುವ ಒಟ್ಟು ಓದೇ ಇನ್ನೂರು ಗ್ರಾಂ ಚಿಲ್ಲರೆ.

ಬಾಟಲಿಯ ಕತ್ತಿಗೆ ಮೊಳದುದ್ದ ದಾರ ಕಟ್ಟಿ ಕೊಕ್ಕೆ ತಕ್ಕಡಿಗೆ ನೇತುಹಾಕಿ. ಎರಡು ಕಿಲೋವರೆಗಿನ ಸ್ಪ್ರಿಂಗ್ ತಕ್ಕಡಿಯಾದರೆ ಒಳ್ಳೆಯದು. ಸೂಟ್‌ಕೇಸಿನದಾದರೆ 10 ಗ್ರಾಂ ಹಂತದಲ್ಲಿ ತೋರಿಸುವಂಥದ್ದಿರಲಿ. ಗಾಳಿಯಲ್ಲಿ ಸುಮಾರು 1.25 ಕೆ.ಜಿ. ಬರುತ್ತದೆ. ಈಗ ಸಿಹಿನೀರು ತುಂಬಿದ ಆಳದ ಬಕೆಟ್ಟಿಗೆ ಬಾಟಲಿಯನ್ನು ನಿಧಾನವಾಗಿ ಇಳಿಸಿ. ಪೂರ್ತಿ ಮುಳುಗಬೇಕು, ತಳವನ್ನೂ ಗೋಡೆಯನ್ನೂ ಮುಟ್ಟಬಾರದು, ತಕ್ಕಡಿ ನೀರಿಗೆ ತಾಕಬಾರದು. ಓದು ಸುಮಾರು 210 ಗ್ರಾಂಗೆ ಇಳಿಯುತ್ತದೆ. ಭಾಗಿಸಿ ನೋಡಿ: 0.168. ಚಂದ್ರನ ನಿಜವಾದ ಅನುಪಾತ 0.165.

ತಕ್ಕಡಿಯನ್ನು ಬಿಚ್ಚಿ ದಾರವನ್ನು ಬೆರಳಿಗೆ ಸುತ್ತಿ ಹಿಡಿಯಿರಿ. ಬಾಟಲಿಯನ್ನು ನೀರಿನೊಳಕ್ಕೂ ಹೊರಕ್ಕೂ ಮೆಲ್ಲನೆ ತಂದರೆ ಎರಡು ಲೋಕದ ನಡುವಿನ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಮಕ್ಕಳಿಂದ ಇದನ್ನು ಮಾಡಿಸಲೇಬೇಕು. ಬಾಟಲಿಯೊಳಗಿನ ಉಪ್ಪು ಒಂದು ಹರಳೂ ಕಡಿಮೆಯಾಗಿಲ್ಲ ಎಂಬುದನ್ನು ಅವರೇ ಕಣ್ಣಾರೆ ನೋಡಿರುತ್ತಾರೆ.

ನೀರಿನೊಳಗೆ ಬಾಟಲಿಯನ್ನು ಅತ್ತಿತ್ತ ಅಲುಗಿಸಿ ದ್ರವ್ಯರಾಶಿಯನ್ನು ತಿಳಿಯಲು ಹೋಗಬೇಡಿ. ನೀರಿನ ತಡೆ ಸೇರಿಕೊಂಡು ಅದು ಇರುವುದಕ್ಕಿಂತ ಹೆಚ್ಚು ಜಡವೆನಿಸುತ್ತದೆ. ಈ ಬಾಟಲಿ ತೂಕದ ಪಾಠಕ್ಕೆ ಮಾತ್ರ.

ಬೆಂಗಳೂರಿನಲ್ಲಿ ಇಸ್ರೋ ಚಂದ್ರಯಾನ-2ರ ರೋವರನ್ನು ಪರೀಕ್ಷಿಸುವಾಗ ಮಾಡಿದ್ದೂ ಇದೇ ಉಪಾಯವನ್ನು, ನೀರಿನ ಬದಲು ಗಾಳಿಯಲ್ಲಿ. ರೋವರ್‌ಗೆ ಹೀಲಿಯಂ ಬಲೂನು ಕಟ್ಟಿ ಅದರ ತೂಕವನ್ನು ಚಂದ್ರನ ಮಟ್ಟಕ್ಕೆ ಇಳಿಸಿದರು. 27 ಕೆ.ಜಿ.ಯ ರೋವರ್‌ಗೆ ಆರರಲ್ಲಿ ಐದು ಪಾಲು, ಅಂದರೆ 22.5 ಕಿಲೋ ಭಾರದಷ್ಟು ಮೇಲೆತ್ತುವ ಬಲ ಬೇಕು. ಒಂದು ಘನ ಮೀಟರ್ ಹೀಲಿಯಂ ಎತ್ತುವುದು ಸುಮಾರು ಒಂದು ಕಿಲೋ. ಬಲೂನು ಎಷ್ಟು ದೊಡ್ಡದಿರಬೇಕೆಂದು ನೀವೇ ಊಹಿಸಿಕೊಳ್ಳಿ. ಅದು ಚಕ್ರಗಳ ಮೇಲಿನ ಭಾರವನ್ನು ಇಳಿಸುತ್ತದೆ. ರೋವರ್‌ನ 27 ಕೆ.ಜಿ. ದ್ರವ್ಯರಾಶಿ ಹಾಗೇ ಇರುತ್ತದೆ, ಮೋಟಾರು ಅಷ್ಟನ್ನೂ ಕದಲಿಸಲೇಬೇಕು. ಚಂದ್ರನ ಮೇಲೂ ಪರಿಸ್ಥಿತಿ ಅದೇ ಆದ್ದರಿಂದ ಈ ಪರೀಕ್ಷೆಗೆ ಅರ್ಥವಿದೆ. ಬದಲಿಗೆ ಆರನೇ ಒಂದು ಪಾಲು ದ್ರವ್ಯರಾಶಿಯ ಪುಟ್ಟ ಮಾದರಿಯನ್ನು ಓಡಿಸಿದ್ದರೆ ಚಕ್ರದ ಭಾರ ಸರಿಹೋಗುತ್ತಿತ್ತು, ಜಡತ್ವ ತಪ್ಪುತ್ತಿತ್ತು.

ಗರಗಸದ ಬ್ಲೇಡು: ಗುರುತ್ವವನ್ನೇ ಕೇಳದ ತಕ್ಕಡಿ

ಹಾರ್ಡ್‌ವೇರ್ ಅಂಗಡಿಯಲ್ಲಿ 12 ಇಂಚಿನ ಹ್ಯಾಕ್ಸಾ ಬ್ಲೇಡು ಕೊಳ್ಳಿ. ಬಾಗಿದರೆ ಮುರಿಯದ ಫ್ಲೆಕ್ಸಿಬಲ್ ಬ್ಲೇಡನ್ನೇ ಕೇಳಿ. ಪೂರ್ತಿ ಗಡಸಾದ ಬ್ಲೇಡು ಪಟ್ಟನೆ ಮುರಿದು ಚೂರು ಹಾರುತ್ತದೆ. ಜೊತೆಗೆ ಒಂದು ಸಿ-ಕ್ಲಾಂಪು, ಮರದ ಎರಡು ತುಂಡು, ಇನ್ಸುಲೇಷನ್ ಟೇಪು, ಹತ್ತು ರೂಪಾಯಿಯ ಹನ್ನೆರಡು ನಾಣ್ಯ. ಎರಡು ಬಗೆಯ ಲೋಹ ಸೇರಿಸಿ ಮಾಡಿದ ಹತ್ತು ರೂಪಾಯಿಯ ನಾಣ್ಯ ಒಂದೊಂದೂ ಸುಮಾರು 7.7 ಗ್ರಾಂ ಇರುತ್ತದೆ. ಹದಿಮೂರು ನಾಣ್ಯಕ್ಕೆ 100 ಗ್ರಾಂ. ತೂಕದ ಕಲ್ಲು ಇಲ್ಲದ ಮನೆಯಲ್ಲಿ ಇದಕ್ಕಿಂತ ನಂಬಿಕೆಯ ಬಟ್ಟು ಸಿಗುವುದು ಕಷ್ಟ.

1. ಹಲ್ಲುಗಳ ಉದ್ದಕ್ಕೂ ಟೇಪು ಸುತ್ತಿ. ಇದನ್ನು ಬಿಟ್ಟವರ ಬೆರಳು ಕುಯ್ಯುತ್ತದೆ.

2. ಬ್ಲೇಡಿನ ಚಪ್ಪಟೆ ಮೈ ಗೋಡೆಯಂತೆ ನೆಟ್ಟಗೆ, ಹಲ್ಲಿನ ಅಂಚು ಮೇಲಕ್ಕೋ ಕೆಳಕ್ಕೋ ಇರಲಿ. ಒಂದು ತುದಿಯ 5 ಸೆಂ.ಮೀ. ಭಾಗವನ್ನು ಮರದ ತುಂಡುಗಳ ನಡುವೆ ಇಟ್ಟು ಮೇಜಿನ ಕಾಲಿಗೆ ಬಿಗಿಯಾಗಿ ಕ್ಲಾಂಪು ಹಾಕಿ. ಉಳಿದ 25 ಸೆಂ.ಮೀ. ಅಡ್ಡವಾಗಿ ಹೊರಚಾಚಿರುತ್ತದೆ. ಹೀಗಿದ್ದರೆ ಬ್ಲೇಡು ಎಡಬಲಕ್ಕೆ ಮಾತ್ರ ಬಾಗುತ್ತದೆ, ಭಾರಕ್ಕೆ ಕೆಳಗೆ ಜೋತುಬೀಳುವುದಿಲ್ಲ.

3. ತುದಿಗೆ ಮೂರು ನಾಣ್ಯ ಟೇಪು ಸುತ್ತಿ ಅಂಟಿಸಿ. ನಾಣ್ಯ ಹೆಚ್ಚಿಸುವಾಗ ಎರಡೂ ಮಗ್ಗುಲಿಗೆ ಸಮವಾಗಿ ಹಂಚಿ. ಒಂದೇ ಕಡೆ ಹೇರಿದರೆ ಬ್ಲೇಡು ತಿರುಚಿಕೊಂಡು ಅಲುಗಾಟ ಕೆಡುತ್ತದೆ.

4. ತುದಿಯನ್ನು ಎರಡು ಸೆಂಟಿಮೀಟರ್ ಪಕ್ಕಕ್ಕೆ ಎಳೆದು ಬಿಡಿ, ಇಪ್ಪತ್ತು ಅಲುಗಾಟದ ಸಮಯ ಬರೆದುಕೊಳ್ಳಿ. ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಧಾನಗತಿಯಲ್ಲಿ ಎಣಿಸುವುದು ಇನ್ನೂ ವಾಸಿ.

5. ಆರು, ಒಂಬತ್ತು, ಹನ್ನೆರಡು ನಾಣ್ಯಕ್ಕೆ ಮತ್ತೆ ಮಾಡಿ.

ಸಾಧಾರಣ ತೆಳು ಬ್ಲೇಡಿನಲ್ಲಿ ಮೂರು ನಾಣ್ಯಕ್ಕೆ ಇಪ್ಪತ್ತು ಅಲುಗಾಟ 7 ಸೆಕೆಂಡಿನ ಆಸುಪಾಸು, ಹನ್ನೆರಡಕ್ಕೆ 13ರ ಆಸುಪಾಸು ಬರುತ್ತದೆ. ಬ್ಲೇಡಿನ ದಪ್ಪ ತುಸು ಬದಲಾದರೂ ಸಂಖ್ಯೆಗಳು ಬದಲಾಗುತ್ತವೆ, ಆದ್ದರಿಂದ ಅನುಪಾತವನ್ನು ನೋಡಿ. ನಾಣ್ಯ ನಾಲ್ಕು ಪಟ್ಟಾದಾಗ ಸಮಯ ಎರಡು ಪಟ್ಟಿಗೆ ಹತ್ತಿರ ಹೋಗಬೇಕು. ಪೂರ್ತಿ ಎರಡು ಪಟ್ಟಾಗದಿರುವುದಕ್ಕೆ ಬ್ಲೇಡಿನ ಮತ್ತು ಟೇಪಿನ ಸ್ವಂತ ದ್ರವ್ಯರಾಶಿಯೂ ಅಲುಗುತ್ತಿರುವುದು ಕಾರಣ. ಒಂದು ಅಲುಗಾಟದ ಸಮಯದ ವರ್ಗವನ್ನು ನಾಣ್ಯದ ಸಂಖ್ಯೆಯ ಎದುರು ಗ್ರಾಫಿನಲ್ಲಿ ಗುರುತಿಸಿದರೆ ನೇರ ಗೆರೆ ಸಿಗುತ್ತದೆ. ಆಮೇಲೆ ಪುಟ್ಟ ಬೀಗವನ್ನೋ ರಬ್ಬರನ್ನೋ ತುದಿಗೆ ಕಟ್ಟಿ, ಸಮಯ ಅಳೆದು, ಗೆರೆಯಿಂದ ಅದರ ದ್ರವ್ಯರಾಶಿಯನ್ನು ಓದಿಕೊಳ್ಳಬಹುದು. 100 ಗ್ರಾಂ ದಾಟಿಸದಿದ್ದರೆ ಒಳ್ಳೆಯದು. ಭಾರ ಹೆಚ್ಚಾದಂತೆ ಬ್ಲೇಡು ಪಕ್ಕಕ್ಕೆ ಮಗುಚತೊಡಗುತ್ತದೆ.

ಪ್ರಯೋಗದ ತಿರುಳು ಮುಂದಿದೆ. ಹನ್ನೆರಡು ನಾಣ್ಯಗಳ ಕಟ್ಟಿಗೆ ಮೇಲಿನಿಂದ, ಸೂರಿನ ಕೊಕ್ಕೆಯಿಂದ, ದಾರ ಇಳಿಬಿಟ್ಟು ಭಾರವನ್ನೆಲ್ಲ ದಾರವೇ ಹೊರುವಂತೆ ಕಟ್ಟಿ. ಬ್ಲೇಡಿನ ಮೇಲೆ ಈಗ ನಾಣ್ಯಗಳ ತೂಕ ಇಲ್ಲವೇ ಇಲ್ಲ ಎನ್ನಬಹುದು. ಮತ್ತೆ ಅಲುಗಿಸಿ ಎಣಿಸಿ. ಇಪ್ಪತ್ತಕ್ಕೆ ಹಿಡಿಯುವ ಸಮಯದಲ್ಲಿ ಒಂದು ಸೆಕೆಂಡಿನಷ್ಟೂ ವ್ಯತ್ಯಾಸ ಕಾಣಬಾರದು. ದಾರ ಎರಡು ಮೀಟರಿಗಿಂತ ಗಿಡ್ಡವಾದರೆ ಅದು ತಾನೇ ಲೋಲಕದಂತೆ ಎಳೆಯತೊಡಗಿ ಸಮಯವನ್ನು ಇಳಿಸುತ್ತದೆ, ಆದ್ದರಿಂದ ಉದ್ದದ ದಾರ ಬಳಸಿ. ತೂಕವನ್ನು ತೆಗೆದೆವು, ಅಲುಗಾಟ ಹಾಗೇ ಉಳಿಯಿತು. ಬ್ಲೇಡು ಲೆಕ್ಕ ಇಡುತ್ತಿದ್ದುದು ದ್ರವ್ಯರಾಶಿಯನ್ನು ಮಾತ್ರ. ಇದೇ ಬ್ಲೇಡು ಚಂದ್ರನ ಮೇಲೆ ಹನ್ನೆರಡು ನಾಣ್ಯಕ್ಕೆ ಹೆಚ್ಚುಕಡಿಮೆ ಇದೇ 13 ಸೆಕೆಂಡು ತೋರಿಸುತ್ತದೆ. ಪಕ್ಕದಲ್ಲೇ ತೂಗುವ ಲೋಲಕ ಮಾತ್ರ 2 ಸೆಕೆಂಡಿನಿಂದ 4.9ಕ್ಕೆ ನಿಧಾನಿಸಿರುತ್ತದೆ.

ಕಕ್ಷೆಯಲ್ಲಿರುವ ಗಗನಯಾನಿಗಳ ಮೈಯನ್ನು ಅಳೆಯುವುದೂ ಈ ತತ್ತ್ವದ ಮೇಲೆಯೇ. ಅಲ್ಲಿ ಯಾವ ಸ್ಕೇಲಿನ ಮೇಲೆ ನಿಂತರೂ ಸೊನ್ನೆ. 1973ರಲ್ಲಿ ಸ್ಕೈಲ್ಯಾಬ್‌ನಲ್ಲಿ ಸ್ಪ್ರಿಂಗಿಗೆ ಜೋಡಿಸಿದ ಆಸನದಲ್ಲಿ ಕೂತು, ಹಿಂದೆ ಮುಂದೆ ಅಲುಗುವ ಸಮಯದಿಂದ ದೇಹದ ದ್ರವ್ಯರಾಶಿಯನ್ನು ತಿಳಿದರು. ಆಸನದಲ್ಲಿ ಮೈ ಸಡಿಲ ಬಿಟ್ಟರೆ ಕೈಕಾಲು ಬೇರೆಯಾಗಿ ಅಲುಗಿ ಓದು ಕೆಡುತ್ತದೆ. ನಿಮ್ಮ ನಾಣ್ಯಗಳಿಗೆ ಟೇಪು ಬಿಗಿಯಾಗಿರಬೇಕು ಎನ್ನುವುದೂ ಅದಕ್ಕೇ.

ಆರನೇ ಒಂದು ಪಾಲೇ ಏಕೆ?

ಭೂಮಿ ಚಂದ್ರನ 81 ಪಟ್ಟು ದ್ರವ್ಯರಾಶಿಯದು. ಹಾಗಿದ್ದರೆ ತೂಕ 81ನೇ ಒಂದು ಪಾಲಾಗಬೇಕಿತ್ತಲ್ಲ ಎಂದು ಚುರುಕು ಮಕ್ಕಳು ಕೇಳಿಯೇ ಕೇಳುತ್ತಾರೆ. ಚಂದ್ರನ ನೆಲ ಅದರ ಕೇಂದ್ರಕ್ಕೆ ಬಹಳ ಹತ್ತಿರ: 1737 ಕಿ.ಮೀ. ಭೂಮಿಯಲ್ಲಿ 6371 ಕಿ.ಮೀ. ದೂರ 3.67 ಪಟ್ಟು ಕಡಿಮೆಯಾದಾಗ ಸೆಳೆತ ಅದರ ವರ್ಗದಷ್ಟು, ಸುಮಾರು 13.5 ಪಟ್ಟು, ಹೆಚ್ಚುತ್ತದೆ. 81ನ್ನು 13.5ರಿಂದ ಭಾಗಿಸಿದರೆ 6.

ಹಗುರಾದರೂ ಸಲೀಸಲ್ಲ

ಚಂದ್ರನ ಮೇಲೆ ಎಲ್ಲವೂ ಹಗುರ, ಆದ್ದರಿಂದ ಎಲ್ಲ ಕೆಲಸವೂ ಸುಲಭ ಎಂಬ ಕಲ್ಪನೆ ಇದೆ. ಎತ್ತುವ ಕೆಲಸ ಸುಲಭ. ಓಡುತ್ತಿರುವುದನ್ನು ನಿಲ್ಲಿಸುವ, ತಿರುಗಿಸುವ ಕೆಲಸ ಹಾಗಲ್ಲ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಓಡುವವರು ಭೂಮಿಯ ಮೇಲೆ, ಪಾದ ಮತ್ತು ನೆಲದ ಘರ್ಷಣಾಂಕ (ಹಿಡಿತದ ಅಳತೆ) 0.5 ಎಂದಿಟ್ಟುಕೊಂಡರೆ, ಸುಮಾರು 0.9 ಮೀಟರಿನೊಳಗೆ ನಿಲ್ಲಬಲ್ಲರು. ಚಂದ್ರನ ಮೇಲೆ ಅದೇ ಘರ್ಷಣಾಂಕಕ್ಕೆ 5.6 ಮೀಟರ್ ಬೇಕು. ಪಾದ ನೆಲವನ್ನು ಒತ್ತುವ ಬಲ ತೂಕದಿಂದ ಬಂದದ್ದು, ಅದು ಆರನೇ ಒಂದಾಯಿತು. ನಿಲ್ಲಿಸಬೇಕಾದ ದ್ರವ್ಯರಾಶಿ ಪೂರ್ತಿ ಉಳಿಯಿತು. ಪ್ರಜ್ಞಾನ್‌ನ ಆರು ಚಕ್ರಗಳಲ್ಲಿ ಒಂದೊಂದಕ್ಕೂ ಚಂದ್ರನ ಮಣ್ಣನ್ನು ಕಚ್ಚಲು ಸಿಕ್ಕಿದ್ದು 7 ನ್ಯೂಟನ್, ಇಲ್ಲಿ ಮುಕ್ಕಾಲು ಕಿಲೋ ಅಕ್ಕಿಯ ಭಾರಕ್ಕಿಂತ ಕಡಿಮೆ.

1972ರ ಏಪ್ರಿಲ್‌ನಲ್ಲಿ ಅಪೊಲೊ 16ರ ಚಾರ್ಲ್ಸ್ ಡ್ಯೂಕ್ ಎತ್ತರ ಜಿಗಿಯಲು ಹೋಗಿ, ಗಾಳಿಯಿಲ್ಲದ ಆ ಜಾಗದಲ್ಲಿ ಹಿಂದಕ್ಕೆ ವಾಲಿ, ಉಸಿರಾಟದ ಸಾಧನವಿದ್ದ ಬೆನ್ನಿನ ಮೇಲೇ ಬಿದ್ದರು. ಬೆನ್ನುಹೊರೆಯ ತೂಕ ಕಡಿಮೆ ಅನ್ನಿಸುತ್ತಿತ್ತು. ಜಿಗಿದ ಮೇಲೆ ಅದರ ದ್ರವ್ಯರಾಶಿ ಅವರನ್ನು ಹಿಂದಕ್ಕೆ ತಿರುಗಿಸುವುದನ್ನು ತಡೆಯಲು ಆಸರೆ ಏನೂ ಇರಲಿಲ್ಲ. ಸಾಧನಕ್ಕೆ ಏನೂ ಆಗದೆ ಅವರು ಎದ್ದು ನಿಂತರು.

ಚಂದ್ರನಿಗೆ ಹೋಗದೆಯೂ ತೂಕ ಬದಲಾಗುತ್ತದೆ

ಭೂಮಿಯ ಮೇಲೂ ಗುರುತ್ವ ಎಲ್ಲ ಕಡೆ ಒಂದೇ ಇಲ್ಲ. ಸಮಭಾಜಕದಲ್ಲಿ 9.78, ಧ್ರುವಗಳಲ್ಲಿ 9.83. ದೆಹಲಿಯಲ್ಲಿ 9.791, ಅದಕ್ಕಿಂತ ದಕ್ಷಿಣಕ್ಕೂ ಎತ್ತರಕ್ಕೂ ಇರುವ ಬೆಂಗಳೂರಿನಲ್ಲಿ ಸುಮಾರು 9.78. ಲಂಡನ್ನಿನಲ್ಲಿ 9.81. ಲಂಡನ್ನಿನಲ್ಲಿ ಹೊಂದಿಸಿದ ಡಿಜಿಟಲ್ ಸ್ಕೇಲನ್ನು ಬೆಂಗಳೂರಿಗೆ ತಂದು ಒಂದು ಕಿಲೋ ಇಟ್ಟರೆ 997 ಗ್ರಾಂ ತೋರಿಸುತ್ತದೆ. ಅಡುಗೆಗೆ ಮೂರು ಗ್ರಾಂ ಲೆಕ್ಕವಿಲ್ಲ. ಚಿನ್ನದಂಗಡಿಗೆ ಅದು ದೊಡ್ಡ ಮಾತು: ದೆಹಲಿಯಲ್ಲಿ ಹೊಂದಿಸಿದ ಯಂತ್ರವನ್ನು ಮರುಹೊಂದಿಸದೆ ಇಲ್ಲಿ ಬಳಸಿದರೆ 100 ಗ್ರಾಂ ಚಿನ್ನಕ್ಕೆ 0.1 ಗ್ರಾಂ ಕಡಿಮೆ ತೋರಿಸುತ್ತದೆ.

ಪರಿಹಾರ ಸರಳ. ಯಂತ್ರವನ್ನು ಬಳಸುವ ಜಾಗದಲ್ಲೇ ಇಟ್ಟು, ಪ್ರಮಾಣಿತ ತೂಕದ ಕಲ್ಲಿನಿಂದ ಕ್ಯಾಲಿಬ್ರೇಷನ್ ಮಾಡಬೇಕು. ಹಾಗೆ ಮಾಡಿದಾಗ ಬಲ ಅಳೆಯುವ ಯಂತ್ರ ಆ ಊರಿನ ಮಟ್ಟಿಗೆ ಹೋಲಿಸುವ ತಕ್ಕಡಿಯಂತೆ ನಡೆದುಕೊಳ್ಳುತ್ತದೆ. ಮನೆಯ ಸ್ಕೇಲಿಗಾದರೆ ಸಮತಟ್ಟಾದ ಗಟ್ಟಿ ನೆಲದ ಮೇಲಿಟ್ಟು, ಹತ್ತು ನಿಮಿಷ ಚಾಲೂ ಇಟ್ಟು, ಹದಿಮೂರು ಹತ್ತು ರೂಪಾಯಿ ನಾಣ್ಯಗಳನ್ನು ತಟ್ಟೆಯ ನಡುವೆ ಪೇರಿಸಿ. 100ಕ್ಕಿಂತ ಒಂದು ಗ್ರಾಂ ಆಚೀಚೆ ಇದ್ದರೆ ಯಂತ್ರ ಸರಿಯಿದೆ. ಮೂರು ನಾಲ್ಕು ಗ್ರಾಂ ವ್ಯತ್ಯಾಸ ಕಂಡರೆ ಗುರುತ್ವವನ್ನು ದೂರಬೇಡಿ, ಊರಿಂದೂರಿಗೆ ಅಷ್ಟು ದೊಡ್ಡ ಬದಲಾವಣೆ ಅದರಿಂದ ಆಗದು. ಬ್ಯಾಟರಿ ಬದಲಿಸಿ, ಅಡಿಗಾಲು ನಾಲ್ಕೂ ನೆಲ ಮುಟ್ಟಿವೆಯೇ ನೋಡಿ, ಆಮೇಲೂ ಹೋಗದಿದ್ದರೆ ಲೋಡ್ ಸೆಲ್ ಬಾಗಿದೆ ಎಂದರ್ಥ.